ಹಣ್ಣಿನ ಮಂಡಿಯಲ್ಲಿ ಹುಟ್ಟಿದ ನಾಟಕ: ಜೊಹಾನ್ಸ್‌ಬರ್ಗ್‌ನ ಮಾರ್ಕೆಟ್ ಥಿಯೇಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಂಗಶಿಬಿರಗಳಲ್ಲಿ ಹುಡುಗ ಹುಡುಗಿಯರ ಜೊತೆ ಕೂತಾಗ ನಾನು ಈ ರಂಗಸಂಸ್ಥೆಯ ಮಾತು ತೆಗೆಯದೆ ಇರುವುದಿಲ್ಲ. ತೆಗೆದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಟೀ ಬಿಡುವಿನಲ್ಲಿ ಕೇಳಿದ್ದು, ಪತ್ರದಲ್ಲಿ ಬಂದದ್ದು, ನನ್ನ ಬರಹಗಳ ಕೆಳಗೆ ಬರೆದದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲ ಪರಿಚಯ

ಮಾರ್ಕೆಟ್ ಥಿಯೇಟರ್ ಅಂದ್ರೆ ಏನು? ನಿಜವಾಗ್ಲೂ ಮಾರ್ಕೆಟ್ಟಲ್ಲಿ ನಾಟಕ ಆಡ್ತಾರಾ?

ಒಂದು ಕಾಲಕ್ಕೆ ಅದು ನಿಜವಾದ ಮಾರ್ಕೆಟ್ಟೇ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ನಗರದ ನ್ಯೂಟೌನ್‌ನಲ್ಲಿ 1913ರಲ್ಲಿ ಕಟ್ಟಿದ ಹಣ್ಣಿನ ಮಂಡಿ. 1970ರ ದಶಕದಲ್ಲಿ ಮಂಡಿ ಸಿಟಿ ಡೀಪ್ ಅನ್ನುವ ಕಡೆಗೆ ಹೋಯಿತು. ಕಟ್ಟಡ ಖಾಲಿ ಬಿತ್ತು. ಕಬ್ಬಿಣದ ತೊಲೆಗಳು, ಎತ್ತರದ ಚಾವಣಿ, ಹಣ್ಣಿನ ಬುಟ್ಟಿ ಇಡುತ್ತಿದ್ದ ದೊಡ್ಡ ಹಜಾರ. ಅಂಥ ಜಾಗವನ್ನು ನೋಡಿ ಕೆಲವು ರಂಗಕರ್ಮಿಗಳಿಗೆ ಇಲ್ಲಿ ನಾಟಕ ಆಡಬಹುದು ಅನ್ನಿಸಿತು. ಅವರೇ ಗೋಡೆ ಕೆರೆದು, ಬಣ್ಣ ಬಳಿದು, ದುಡ್ಡು ಕೂಡಿಸಿ ರಂಗಮಂದಿರ ಮಾಡಿಕೊಂಡರು. 1976ರಲ್ಲಿ ಬಾಗಿಲು ತೆರೆಯಿತು.

ಆ ಕಟ್ಟಡ ಇವತ್ತೂ ಇದೆ, ಇವತ್ತೂ ಅಲ್ಲಿ ನಾಟಕ ನಡೆಯುತ್ತದೆ.

ಕಟ್ಟಿದ್ದು ಯಾರು? ಸರ್ಕಾರಾನಾ?

ಸರ್ಕಾರ ಅಲ್ಲವೇ ಅಲ್ಲ. ಇಬ್ಬರ ಹೆಸರು ಮುಖ್ಯ: ನಿರ್ದೇಶಕ ಬಾರ್ನಿ ಸೈಮನ್ ಮತ್ತು ರಂಗ ವ್ಯವಸ್ಥಾಪಕ ಮ್ಯಾನಿ ಮಾನಿಮ್. ಮಾನಿಮ್ ಮೊದಲು ಸರ್ಕಾರಿ ಅನುದಾನದ ರಂಗಸಂಸ್ಥೆಯಲ್ಲಿ ಕೆಲಸದಲ್ಲಿದ್ದವರು. ಆ ಸಂಸ್ಥೆಗಳು ಬಿಳಿಯರಿಗಾಗಿ ನಡೆಯುತ್ತಿದ್ದವು. ಅದನ್ನು ಬಿಟ್ಟು ಬಂದು 1974ರಲ್ಲಿ ಸೈಮನ್ ಜೊತೆ ಸೇರಿ 'ದಿ ಕಂಪನಿ' ಅನ್ನುವ ಸ್ವತಂತ್ರ ತಂಡ ಕಟ್ಟಿದರು. ಮಂಡಿಯ ಕಟ್ಟಡಕ್ಕೆ ಬಂದದ್ದು ಈ ತಂಡವೇ.

1976 ಅಂದ್ರೆ ವರ್ಣಭೇದದ ಕಾಲ ಅಲ್ವಾ? ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂತು ನಾಟಕ ನೋಡೋಕೆ ಹೇಗೆ ಬಿಟ್ರು?

ಬಿಡಲಿಲ್ಲ, ಇವರು ಕೂರಿಸಿದರು. ಎಲ್ಲ ಬಣ್ಣದವರು ಒಂದೇ ಸಭಾಂಗಣದಲ್ಲಿ ಕೂರಬೇಕಾದರೆ ಪರವಾನಗಿ ಬೇಕು ಅಂತ 1965ರಿಂದಲೇ ಸರ್ಕಾರಿ ಆದೇಶ ಇತ್ತು. ಮಾರ್ಕೆಟ್ ಥಿಯೇಟರ್ ಬಂದವರಿಗೆಲ್ಲ ಟಿಕೆಟ್ ಕೊಟ್ಟಿತು. ವೇದಿಕೆಯ ಮೇಲೂ ಬಣ್ಣ ನೋಡಲಿಲ್ಲ, ಕೆಳಗೆ ಕುರ್ಚಿಗಳಲ್ಲೂ ನೋಡಲಿಲ್ಲ. ಸರ್ಕಾರದ ಅನುದಾನ ತೆಗೆದುಕೊಳ್ಳದೆ ಇದ್ದದ್ದು ಇಲ್ಲಿ ದೊಡ್ಡ ಬಲವಾಯಿತು. ಕೊಡದೇ ಇದ್ದ ದುಡ್ಡನ್ನು ನಿಲ್ಲಿಸುತ್ತೇವೆ ಅಂತ ಯಾರೂ ಹೆದರಿಸುವ ಹಾಗಿರಲಿಲ್ಲ.

ಶುರುವಾದ ಹೊತ್ತನ್ನು ಗಮನಿಸಿ. 1976ರ ಜೂನ್ 16ರಂದು ಜೊಹಾನ್ಸ್‌ಬರ್ಗ್ ಅಂಚಿನ ಕಪ್ಪು ಜನರ ಬಡಾವಣೆ ಸೊವೆಟೊದಲ್ಲಿ ಶಾಲಾ ಮಕ್ಕಳು ಬೀದಿಗೆ ಇಳಿದರು. ಪಾಠವನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲಿ ಹೇರುವುದನ್ನು ವಿರೋಧಿಸಿ ಹೊರಟ ಮೆರವಣಿಗೆ ಅದು. ಪೊಲೀಸರು ಮಕ್ಕಳ ಮೇಲೆ ಗುಂಡು ಹಾರಿಸಿದರು. ಐದೇ ದಿನಕ್ಕೆ, ಜೂನ್ 21ರಂದು, ಮಾರ್ಕೆಟ್ ಥಿಯೇಟರಿನ ಮಹಡಿಯ ಸಣ್ಣ ರಂಗದಲ್ಲಿ ಮೊದಲ ನಾಟಕ. ಆಡಿದ್ದು ಚೆಕಾವ್‌ನ 'ದಿ ಸೀಗಲ್'. ಊರು ಹೊತ್ತಿ ಉರಿಯುವಾಗ ಚೆಕಾವ್ ಯಾಕೆ ಅಂತ ಹಲವರು ಕೇಳುತ್ತಾರೆ. ಆದರೆ ಆ ನಾಟಕವನ್ನು ಓದಿದವರಿಗೆ ಗೊತ್ತು: ಹೊಸ ರೀತಿಯಲ್ಲಿ ನಾಟಕ ಬರೆಯಬೇಕು ಅಂತ ಒದ್ದಾಡುವ ಒಬ್ಬ ಯುವಕ ಅದರಲ್ಲಿದ್ದಾನೆ. ಮುಂದೆ ಆ ಕಟ್ಟಡದಲ್ಲಿ ನಡೆದದ್ದೆಲ್ಲ ಅಂಥ ಹುಡುಗರ ಒದ್ದಾಟವೇ.

ಒಂದೊಂದು ಕಡೆ ಒಂದೊಂದು ರಂಗದ ಹೆಸರು ಓದ್ತೀನಿ. ಎಷ್ಟಿವೆ?

ಮುಖ್ಯ ಕಟ್ಟಡದಲ್ಲಿ ಮೂರು. ದೊಡ್ಡದಕ್ಕೆ ಈಗ ನಟ ಜಾನ್ ಕಾನಿ ಹೆಸರು. ಮೊದಲು 'ಲಾಗರ್' ಅಂತಿದ್ದದ್ದು ಮ್ಯಾನಿ ಮಾನಿಮ್ ರಂಗ. ಮಹಡಿಯದು ಬಾರ್ನಿ ಸೈಮನ್ ರಂಗ. ಹಳೆಯ ಬರಹಗಳಲ್ಲಿ ಹಳೆಯ ಹೆಸರು ಇರುವುದರಿಂದ ಗೊಂದಲ ಆಗುತ್ತದೆ, ಅಷ್ಟೇ. ಹತ್ತಿರದಲ್ಲೇ ಮಾರ್ಕೆಟ್ ಸ್ಕ್ವೇರ್ ಅನ್ನುವ ಹೊಸ ಕಟ್ಟಡವಿದೆ. ಹೊಸಬರ ತರಬೇತಿ ನಡೆಯುವುದು ಅಲ್ಲಿ.

ಹಣ್ಣಿನ ಮಂಡಿಗೆ 'ಇಂಡಿಯನ್' ಅಂತ ಹೆಸರಿತ್ತಂತೆ. ನಮ್ಮವರಿಗೇನು ನಂಟು?

'ಇಂಡಿಯನ್ ಫ್ರೂಟ್ ಮಾರ್ಕೆಟ್' ಅಂತಲೇ ಕರೆಯುತ್ತಿದ್ದರು. ಅಲ್ಲಿನ ಭಾರತೀಯ ಮೂಲದ ವ್ಯಾಪಾರಿಗಳಿಂದ ಬಂದ ಹೆಸರು. ಅದೇ ಆಸುಪಾಸಿನಲ್ಲಿ ಹಮೀದಿಯಾ ಮಸೀದಿಯಿದೆ. 1908ರ ಆಗಸ್ಟ್ 16ರಂದು ಗಾಂಧಿಯವರ ಮುಂದಾಳುತನದಲ್ಲಿ ಭಾರತೀಯರು ನೋಂದಣಿ ಪತ್ರಗಳನ್ನು ಸುಟ್ಟದ್ದು ಆ ಮಸೀದಿಯ ಅಂಗಳದಲ್ಲಿ. ಗುರುತಿನ ಚೀಟಿ ಸುಡುವುದು ಮುಂದೆ ದಕ್ಷಿಣ ಆಫ್ರಿಕಾದ ಕಪ್ಪು ಜನರ ಹೋರಾಟದಲ್ಲೂ ಬಂತು, ನಾಟಕಗಳಲ್ಲೂ ಬಂತು.

ರಂಗಭೂಮಿಯಲ್ಲಿ ಭಾರತೀಯ ಮೂಲದವರ ದೊಡ್ಡ ಕೆಲಸ ನಡೆದದ್ದು ಜಾಸ್ತಿ ಡರ್ಬನ್ ಕಡೆ. ಟ್ಯಾಗೋರರ ನಾಟಕವನ್ನು ತೆಗೆದುಕೊಂಡು 1961ರಲ್ಲಿ ಬಂದ ನಿರ್ದೇಶಕ ಕೃಷ್ಣ ಷಾ ಅಲ್ಲಿನ ಯುವಕರಿಗೆ ಕಾರ್ಯಾಗಾರ ನಡೆಸಿದರು. ಅವರ ಹೆಸರಿನಲ್ಲೇ 1964ರಲ್ಲಿ ಷಾ ಥಿಯೇಟರ್ ಅಕಾಡೆಮಿ ಹುಟ್ಟಿತು. ನಾಟಕಕಾರ ರಾನಿ ಗೋವೆಂಡರ್ ಅದನ್ನು ಕಟ್ಟಿದವರಲ್ಲಿ ಒಬ್ಬರು.

## ಕಥೆ ಹುಟ್ಟುವ ಬಗೆ

ನಾಟಕಕಾರನೇ ಇಲ್ಲದೆ ನಾಟಕ ಮಾಡ್ತಾರಂತಲ್ಲ, ಅದು ಹೇಗೆ?

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಬಾರ್ನಿ ಸೈಮನ್ ಒಂದು ಕಾಲಕ್ಕೆ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಜೊತೆ ಕೆಲಸ ಮಾಡಿದವರು. ಆರೋಗ್ಯದ ವಿಷಯವನ್ನು ಕಥೆ, ಹಾಡು, ಅಭಿನಯದ ಮೂಲಕ ಜನರಿಗೆ ಹೇಳುವುದು ಹೇಗೆ ಅನ್ನುವ ಕೆಲಸ. ಊರವರ ಬದುಕು ಗೊತ್ತಿಲ್ಲದೆ ಅವರಿಗೆ ಏನೂ ಹೇಳಲಾಗದು. ಹಾಗಾಗಿ ಮೊದಲು ಕೇಳಿಸಿಕೊಳ್ಳಬೇಕಿತ್ತು. ಈ ಅಭ್ಯಾಸವನ್ನೇ ಅವರು ರಂಗಕ್ಕೂ ತಂದರು ಅಂತ ನನ್ನ ನಂಬಿಕೆ.

1979ರ 'ಸಿನ್ಸಿನಾಟಿ' ಅನ್ನುವ ನಾಟಕದ ತಾಲೀಮು ನೋಡಿ. ಮೊದಲೇ ಬರೆದಿಟ್ಟ ನಾಟಕ ಇರಲಿಲ್ಲ. ನಟರನ್ನು ಊರೊಳಗೆ ಕಳಿಸಿದರು. ಹೋಗಿ, ಜನರನ್ನು ನೋಡಿ, ಮಾತಾಡಿಸಿ, ನಿಮ್ಮನ್ನು ಹಿಡಿದು ನಿಲ್ಲಿಸಿದ ಒಬ್ಬ ವ್ಯಕ್ತಿಯನ್ನು ಒಳಗೆ ತುಂಬಿಕೊಂಡು ಬನ್ನಿ. ವಾಪಸ್ ಬಂದ ನಟ ಆ ವ್ಯಕ್ತಿಯಾಗಿಯೇ ಕೂರಬೇಕು. ಉಳಿದವರು ಪ್ರಶ್ನೆ ಕೇಳುತ್ತಾರೆ. ಬೆಳಿಗ್ಗೆ ಏನು ತಿಂದೆ, ಯಾರಿಗೆ ಹೆದರುತ್ತೀಯ, ಆ ಚಪ್ಪಲಿ ಯಾರದು. ಉತ್ತರ ಕೊಡುತ್ತಾ ಕೊಡುತ್ತಾ ಪಾತ್ರ ಗಟ್ಟಿಯಾಗುತ್ತದೆ. ಒಂದು ಪಾತ್ರ ಇನ್ನೊಂದು ಪಾತ್ರವನ್ನು ಸಂಧಿಸಿದಾಗ ದೃಶ್ಯ ಹುಟ್ಟುತ್ತದೆ. ಬರೆದಿಡುವುದು ಆಮೇಲೆ. 1985ರ 'ಬಾರ್ನ್ ಇನ್ ದಿ ಆರ್‌ಎಸ್‌ಎ' (ಆರ್‌ಎಸ್‌ಎ ಅಂದರೆ ದಕ್ಷಿಣ ಆಫ್ರಿಕಾ ಗಣರಾಜ್ಯ) ಕೂಡ ಸೈಮನ್ ಮತ್ತು ನಟರು ಸೇರಿ ಕಟ್ಟಿದ್ದೇ.

ಹೊಸ ನಟನಿಗೆ ಇದರಿಂದ ಏನಾಯಿತು ಅಂತ ಯೋಚಿಸಿ. ನೀನು ಕೊಟ್ಟ ಮಾತು ಒಪ್ಪಿಸುವವನು ಅಂತ ಅವನಿಗೆ ಯಾರೂ ಹೇಳಲಿಲ್ಲ. ನಿನ್ನ ಬೀದಿಯಲ್ಲಿ ನೀನು ಕಂಡದ್ದು ನಾಟಕಕ್ಕೆ ಸಾಕು ಅಂದರು. ಇಪ್ಪತ್ತು ವರ್ಷದ ಹುಡುಗನಿಗೆ ಆ ಮಾತು ಕೊಡುವ ಧೈರ್ಯ ಕಡಿಮೆಯದಲ್ಲ.

ಮಾತೆತ್ತಿದರೆ 'ವೋಜಾ ಆಲ್ಬರ್ಟ್' ಅಂತೀರಿ. ಅಂಥದ್ದೇನಿದೆ ಅದರಲ್ಲಿ?

ಇಬ್ಬರು ನಟರು. ಎರಡು ಚಹಾ ಪೆಟ್ಟಿಗೆ. ಹಿಂದೆ ಹಲಗೆಗೆ ನೇತು ಹಾಕಿದ ಹಳೆ ಬಟ್ಟೆಗಳು. ಬಿಳಿಯನ ಪಾತ್ರ ಬಂದಾಗ ಮೂಗಿಗೆ ಒಂದು ಗುಲಾಬಿ ಬಣ್ಣದ ಅರ್ಧ ಚೆಂಡು. ಇಷ್ಟೇ ಸಾಮಾನು. ಇದರಲ್ಲಿ ಒಂದು ಇಡೀ ದೇಶ ಬರುತ್ತದೆ: ಪೊಲೀಸ್, ಕ್ಷೌರಿಕ, ಇಟ್ಟಿಗೆ ಕೆಲಸದವರು, ಕಸದ ತೊಟ್ಟಿಯಲ್ಲಿ ಊಟ ಹುಡುಕುವ ಮುದುಕಿ. ಯೇಸು ದಕ್ಷಿಣ ಆಫ್ರಿಕಾಕ್ಕೆ ಬಂದರೆ ಏನಾಗುತ್ತದೆ ಅನ್ನುವುದು ಕಥೆ. ವಿಮಾನದಲ್ಲಿ ಬಂದಿಳಿಯುತ್ತಾನೆ. ಮೊದಲು ಸರ್ಕಾರ ಸ್ವಾಗತಿಸುತ್ತದೆ, ಆಮೇಲೆ ಹಿಡಿದು ಜೈಲಿಗೆ ಹಾಕುತ್ತದೆ.

ಅದರಲ್ಲೊಂದು ದೃಶ್ಯವನ್ನು ನಾನು ಶಿಬಿರದಲ್ಲಿ ಯಾವಾಗಲೂ ಹೇಳುತ್ತೇನೆ. ಹಲ್ಲಿಲ್ಲದ ಒಬ್ಬ ಮುದುಕ ಪೆಟ್ಟಿಗೆಯ ಮೇಲೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಾನೆ. ಪೋಣಿಸಲಾಗುತ್ತಿಲ್ಲ. ಯೇಸು ಬಂದರೆ ಏನಾಗಬಹುದು ಅಂತ ಅವನನ್ನು ಕೇಳುತ್ತಾರೆ. ಅವನು ದಾರದ ತುದಿ ನೋಡುತ್ತಾ, ಹಿಂದೆ ಪೀಟ್ ರೆಟೀಫ್ ಅನ್ನುವ ಬಿಳಿಯ ಮುಖಂಡನಿಗೆ ಜುಲು ರಾಜ ಡಿಂಗಾನೆಯ ಊರಿನಲ್ಲಿ ಆದದ್ದೇ, ಅಂದರೆ ಕೊಲೆಯೇ, ಇವನಿಗೂ ಆಗುತ್ತದೆ ಅನ್ನುತ್ತಾನೆ. ಭಾಷಣ ಇಲ್ಲ, ಘೋಷಣೆ ಇಲ್ಲ. ಒಂದು ಸೂಜಿ, ನಡುಗುವ ಎರಡು ಕೈ, ನೂರೈವತ್ತು ವರ್ಷದ ಸಿಟ್ಟು.

ಇದನ್ನು ಕಟ್ಟಿದ ಪರ್ಸಿ ಮ್ಟ್ವಾ ಮತ್ತು ಎಂಬೊಂಗೇನಿ ಎನ್ಗೇಮ ಆಗ ಗಿಬ್ಸನ್ ಕೆಂಟೆ ಅವರ ಟೌನ್‌ಶಿಪ್ ಸಂಗೀತ ನಾಟಕದಲ್ಲಿ ನಟರು. (ಟೌನ್‌ಶಿಪ್ ಅಂದರೆ ವರ್ಣಭೇದದ ಕಾಲದಲ್ಲಿ ಕಪ್ಪು ಜನರಿಗೆ ಅಂತ ನಗರದ ಅಂಚಿನಲ್ಲಿ ಬೇರೆ ಮಾಡಿದ ಬಡಾವಣೆ.) ತಿರುಗಾಟದ ನಡುವೆ ತಮ್ಮದೇ ನಾಟಕದ ಕನಸು ಕಂಡರು, ಕೆಲಸ ಬಿಟ್ಟು ಕೂತು ಕಟ್ಟಿದರು, ಆಮೇಲೆ ಸೈಮನ್ ಹತ್ತಿರ ಬಂದರು. ಮೂವರೂ ಸೇರಿ ತಿದ್ದಿ 1981ರಲ್ಲಿ ಮಾರ್ಕೆಟ್ ಥಿಯೇಟರಿನಲ್ಲಿ ಆಡಿಸಿದರು. ಕೊನೆಯಲ್ಲಿ ಯೇಸು ಸ್ಮಶಾನದಲ್ಲಿ ಹೋರಾಟಗಾರರನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಾನೆ: ಆಲ್ಬರ್ಟ್ ಲುಥುಲಿ, ಸ್ಟೀವ್ ಬೀಕೊ, ಲಿಲಿಯನ್ ಎನ್ಗೋಯಿ. 'ವೋಜಾ ಆಲ್ಬರ್ಟ್' ಅಂದರೆ 'ಎದ್ದು ಬಾ ಆಲ್ಬರ್ಟ್'. ಇವತ್ತು ಹೊಸಬರು ತರಬೇತಿ ಪಡೆಯುವ ಮಾರ್ಕೆಟ್ ಸ್ಕ್ವೇರ್ ಕಟ್ಟಡ ಇರುವುದು ಲಿಲಿಯನ್ ಎನ್ಗೋಯಿ ಬೀದಿಯಲ್ಲಿ. ಇದನ್ನು ಮೊದಲ ಸಲ ಗಮನಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ಅಜ್ಜಿ ಕಥೆಗೂ ಇಲ್ಲಿನ ನಾಟಕಕ್ಕೂ ಏನಾದ್ರೂ ಸಂಬಂಧ ಇದೆಯಾ?

ಇದೆ, ಅದೂ ಬಹಳ ಹತ್ತಿರದ್ದು. ಜುಲು ಜನರಲ್ಲಿ ಕಥೆ ಹೇಳುವವರು 'ಕ್ವಾಸುಕಾಸುಕೇಲ' ಅಂತ ಶುರು ಮಾಡುತ್ತಾರೆ. ನಮ್ಮ 'ಒಂದಾನೊಂದು ಕಾಲದಲ್ಲಿ' ಇದ್ದ ಹಾಗೆ. ಕೂತವರು ಅದಕ್ಕೆ ದನಿಗೂಡಿಸಿ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಹಾಗಾಗಿ ಕೇಳುವವರೂ ಆಟದಲ್ಲಿ ಪಾಲುದಾರರು.

ಈ ಪರಂಪರೆಯನ್ನು ರಂಗಕ್ಕೆ ತಂದವರಲ್ಲಿ ದೊಡ್ಡ ಹೆಸರು ಗ್ಸೀನಾ ಮ್ಹ್ಲೋಫೆ. ಅವರ 'ಹ್ಯಾವ್ ಯು ಸೀನ್ ಜಂದೀಲೆ?' 1986ರಲ್ಲಿ ಮಾರ್ಕೆಟ್ ಥಿಯೇಟರಿನಲ್ಲಿ ಬಂತು. ಡರ್ಬನ್‌ನಲ್ಲಿ ಅಜ್ಜಿಯ ಜೊತೆ ಬೆಳೆಯುವ ಪುಟ್ಟ ಹುಡುಗಿ. ಅಂಗಳದ ಹೂವಿನ ಗಿಡಗಳನ್ನೇ ಮಕ್ಕಳು ಮಾಡಿಕೊಂಡು, ಕೈಯಲ್ಲಿ ಕೋಲು ಹಿಡಿದು ಟೀಚರ್ ಆಟ ಆಡುತ್ತಾಳೆ. ಒಂದು ದಿನ ಅವಳನ್ನು ದೂರದ ಟ್ರಾನ್ಸ್‌ಕೈಗೆ, ತಾಯಿಯ ಊರಿಗೆ ಒಯ್ಯುತ್ತಾರೆ. ಇತ್ತ ಅಜ್ಜಿ ಮೊಮ್ಮಗಳಿಗಾಗಿ ತಂದ ಉಡುಗೊರೆಗಳನ್ನು ಒಂದು ಸೂಟ್‌ಕೇಸಿನಲ್ಲಿ ಕೂಡಿಡುತ್ತಾ ಹೋಗುತ್ತಾಳೆ. ಮೊಮ್ಮಗಳು ಹುಡುಕಿಕೊಂಡು ಬರುವಷ್ಟರಲ್ಲಿ ಅಜ್ಜಿ ಇಲ್ಲ. ಸೂಟ್‌ಕೇಸ್ ಇದೆ. ಇದು ಬಹುಮಟ್ಟಿಗೆ ಮ್ಹ್ಲೋಫೆ ಅವರ ಬಾಲ್ಯವೇ. ಮುಂದೆ ಅವರು ಇದೇ ರಂಗಮಂದಿರದಲ್ಲಿ ನಿರ್ದೇಶಕಿಯಾಗಿದ್ದರು. ಆಮೇಲೆ 'ಜನೆಂದಾಬ' ಅನ್ನುವ ಕಥೆಗಾರರ ತಂಡ ಕಟ್ಟಿ ಹೊಸಬರಿಗೆ ಕಥೆ ಹೇಳುವುದನ್ನು ಕಲಿಸಿದರು. ಆ ಹೆಸರಿನ ಅರ್ಥ 'ಕಥೆ ತಂದುಕೊಡಿ'.

ನಾಟಕ ಯಾವ ಭಾಷೆಯಲ್ಲಿ? ಎಲ್ಲ ಇಂಗ್ಲಿಷಾ?

ಊರಿನ ಬಾಯಲ್ಲಿ ಇರುವುದೇ ರಂಗದ ಮೇಲೂ. ಜೊಹಾನ್ಸ್‌ಬರ್ಗ್ ಬೀದಿಯಲ್ಲಿ ಒಬ್ಬನೇ ಮನುಷ್ಯ ಐದು ನಿಮಿಷದಲ್ಲಿ ಜುಲು, ಸೋಥೊ, ಇಂಗ್ಲಿಷ್, ಟೌನ್‌ಶಿಪ್‌ಗಳ ತ್ಸೋತ್ಸಿತಾಲ್ ಎಲ್ಲ ಬೆರೆಸಿ ಮಾತಾಡಬಹುದು. ನಾಟಕದ ಪಾತ್ರವೂ ಹಾಗೇ. ಸಾಹುಕಾರನ ಎದುರು ಒಂದು ಭಾಷೆ, ಅವನು ಆಚೆ ತಿರುಗಿದಾಗ ಇನ್ನೊಂದು. ಅಲ್ಲಿ ನಗು ಬರುತ್ತದೆ, ಒಂದು ಇತಿಹಾಸವೂ ಬರುತ್ತದೆ. ಹೊಸ ನಟರಿಗೆ ಮನೆಮಾತನ್ನು ಬಾಗಿಲಾಚೆ ಬಿಟ್ಟು ಬಾ ಅಂತ ಹೇಳದೇ ಇರುವುದು ಈ ಸಂಸ್ಥೆ ಮಾಡಿದ ದೊಡ್ಡ ಉಪಕಾರ.

## ಹೊಸಬರ ದಾರಿ

ತರಬೇತಿ ಶಾಲೆಗೆ 'ಲ್ಯಾಬ್' ಅಂತ ಯಾಕೆ ಹೆಸರು? ಅಲ್ಲಿ ಏನು ಕಲಿಸ್ತಾರೆ?

ಪೂರ್ತಿ ಹೆಸರು ಮಾರ್ಕೆಟ್ ಥಿಯೇಟರ್ ಲ್ಯಾಬೊರೇಟರಿ. 1989ರಲ್ಲಿ ಬಾರ್ನಿ ಸೈಮನ್ ಮತ್ತು ಜಾನ್ ಕಾನಿ ಶುರು ಮಾಡಿದ್ದು. ಎಲ್ಲರ ಬಾಯಲ್ಲೂ ಬರೀ 'ಲ್ಯಾಬ್'. ಪ್ರಯೋಗ ಮಾಡುವ ಜಾಗ, ಮೊದಲ ಸಲಕ್ಕೇ ಸರಿ ಬರಬೇಕಿಲ್ಲ ಅನ್ನುವ ಜಾಗ ಅಂತ ಹೆಸರೇ ಹೇಳುತ್ತದೆ. ಬಹಳ ಕಾಲ ಅದು ನ್ಯೂಟೌನ್‌ನ ಹಳೆಯ ಬಸ್ ಡಿಪೊ ಕಟ್ಟಡದಲ್ಲಿತ್ತು. ಮಂಡಿಯಲ್ಲಿ ರಂಗ, ಬಸ್ ಡಿಪೊದಲ್ಲಿ ಶಾಲೆ.

ವರ್ಣಭೇದದ ಕಾಲದಲ್ಲಿ ಕಪ್ಪು ಯುವಜನರಿಗೆ ವಿಶ್ವವಿದ್ಯಾಲಯದ ನಾಟಕ ವಿಭಾಗಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಪ್ರತಿಭೆಗೆ ಕೊರತೆ ಇರಲಿಲ್ಲ. ಕಲಿಯುವ ಜಾಗಕ್ಕೆ ಕೊರತೆ. ಆ ಕೊರತೆಯನ್ನು ತುಂಬಲು ಲ್ಯಾಬ್ ಹುಟ್ಟಿತು.

ತರಬೇತಿ ಪೂರ್ಣಾವಧಿಯದು. ಆಡಿಷನ್ ಮಾಡಿ ಆರಿಸುತ್ತಾರೆ. ದೇಹ, ದನಿ, ಅಭಿನಯ ಇವೆಲ್ಲ ಯಾವ ಶಾಲೆಯಲ್ಲೂ ಇರುವಂಥದ್ದೇ. ಇಲ್ಲಿನ ವಿಶೇಷ ಅಂದರೆ ವಿದ್ಯಾರ್ಥಿ ತನ್ನ ನಾಟಕವನ್ನು ತಾನೇ ಕಟ್ಟಬೇಕು. ವೃತ್ತಿನಿರತ ನಿರ್ದೇಶಕರ ಜೊತೆ ಕೆಲಸ, ಪಕ್ಕದ ಕಟ್ಟಡದಲ್ಲೇ ನಿಜವಾದ ಟಿಕೆಟ್ ಕೊಂಡು ಬಂದ ಪ್ರೇಕ್ಷಕರು. ಶಾಲೆ ಮತ್ತು ರಂಗದ ನಡುವೆ ಇಷ್ಟು ಕಡಿಮೆ ದೂರ ಇರುವ ಕಡೆ ಜಾಸ್ತಿ ಇಲ್ಲ.

ದೂರದ ಟೌನ್‌ಶಿಪ್‌ನಲ್ಲಿ ನಾಟಕ ಆಡೋ ಹುಡುಗರು ಇಲ್ಲಿಗೆ ಹೇಗೆ ಬರ್ತಾರೆ? ಬಸ್ ಚಾರ್ಜ್‌ಗೂ ದುಡ್ಡಿರಲ್ಲ ಅಲ್ವಾ?

ಅವರು ಬರಲಾಗದಿದ್ದರೆ ಇವರೇ ಹೋಗುತ್ತಾರೆ. ಲ್ಯಾಬ್ ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದೇ.

ಟೌನ್‌ಶಿಪ್‌ಗಳಲ್ಲಿ ಸಣ್ಣ ಸಣ್ಣ ನಾಟಕ ತಂಡಗಳಿವೆ. ಶಾಲೆಯ ಕೋಣೆಯಲ್ಲೋ ಸಮುದಾಯ ಭವನದಲ್ಲೋ ಸಂಜೆ ಸೇರಿ ತಾಲೀಮು ಮಾಡುತ್ತಾರೆ. ಬೆಳಕಿನ ವ್ಯವಸ್ಥೆ ಇರುವುದಿಲ್ಲ, ತಿದ್ದುವವರು ಇರುವುದಿಲ್ಲ. ಲ್ಯಾಬ್‌ನ ಕ್ಷೇತ್ರ ಕಾರ್ಯಕರ್ತರು ಅಂಥ ತಂಡಗಳನ್ನು ಹುಡುಕಿಕೊಂಡು ಹೋಗಿ, ತಾಲೀಮು ನೋಡಿ, ಜೊತೆಗೆ ಕೂತು ನಾಟಕವನ್ನು ಗಟ್ಟಿ ಮಾಡುತ್ತಾರೆ. ಇಡೀ ನಾಟಕವನ್ನು ತಮಗೆ ಬೇಕಾದ ಹಾಗೆ ಬದಲಾಯಿಸುವುದು ಅವರ ಕೆಲಸ ಅಲ್ಲ. ಈ ದೃಶ್ಯ ಇಲ್ಲಿ ಯಾಕಿದೆ, ಈ ಹೆಣ್ಣು ಇಷ್ಟು ಬೇಗ ಯಾಕೆ ಒಪ್ಪಿದಳು, ಇಂಥ ಪ್ರಶ್ನೆ ಕೇಳುವುದು.

ಹೀಗೆ ತಯಾರಾದ ನಾಟಕಗಳಿಗೆ 'ಜ್ವಕಾಲ' ಅನ್ನುವ ಉತ್ಸವವಿದೆ. ಜುಲು ಭಾಷೆಯಲ್ಲಿ ಆ ಮಾತಿಗೆ 'ಕೇಳಿಸು' ಅಂತ ಅರ್ಥ, ಆಡುಮಾತಿನಲ್ಲಿ 'ಇತ್ತ ಬಾ' ಅಂತಲೂ. ಅಲ್ಲಿ ಗೆದ್ದ ನಾಟಕ ಮಾರ್ಕೆಟ್ ಥಿಯೇಟರಿನ ರಂಗ ಏರುತ್ತದೆ. ಸಮುದಾಯ ಭವನದಲ್ಲಿ ಟ್ಯೂಬ್‌ಲೈಟ್ ಕೆಳಗೆ ಆಡಿದ ತಂಡಕ್ಕೆ ಪೂರ್ತಿ ಬೆಳಕು, ಪೂರ್ತಿ ಕತ್ತಲೆ ಎರಡೂ ಮೊದಲ ಸಲ ಸಿಗುತ್ತವೆ. ರಂಗದ ಕತ್ತಲೆ ಎಷ್ಟು ದೊಡ್ಡ ಕೊಡುಗೆ ಅಂತ ಸುಮ್ನೆ ಓದುವವರಿಗೆ ತಿಳಿಯದು, ಹಗಲು ಬೆಳಕಿನಲ್ಲೇ ಆಡಿದವರಿಗೆ ಗೊತ್ತು.

ಅಲ್ಲಿ ಕಲಿತವರು ಏನಾದರು? ಹೆಸರು ಹೇಳಿ.

ಎಂಸೆದಿಸಿ ಶಬಾಂಗು ಲ್ಯಾಬ್‌ನಿಂದ ಬಂದವರು. ನಟ, ನಿರ್ದೇಶಕ, ನಾಟಕಕಾರ, ಮೂರೂ ಆಗಿ ಹೊಸಬರನ್ನು ಬೆಳೆಸಿದರು. 2022ರಲ್ಲಿ ತೀರಿಕೊಂಡರು. ವಾರೆನ್ ಮಸೆಮೋಲ ಟಿವಿ, ಸಿನಿಮಾಗಳಲ್ಲಿ ದೇಶದ ಎಲ್ಲರಿಗೂ ಗೊತ್ತಿರುವ ಮುಖ. ಪ್ರಿನ್ಸ್ ಲಾಮ್ಲಾ ನಿರ್ದೇಶಕರಾಗಿ ಹೆಸರು ಮಾಡಿ, 'ವೋಜಾ ಆಲ್ಬರ್ಟ್' ನಾಟಕವನ್ನು ಹೊಸ ಪೀಳಿಗೆಯ ನಟರಿಂದ ಮತ್ತೆ ಆಡಿಸಿದರು. ಹೆಸರಾದವರ ಪಟ್ಟಿಗಿಂತ ನನಗೆ ಮುಖ್ಯ ಅನ್ನಿಸುವುದು ತಮ್ಮ ಟೌನ್‌ಶಿಪ್‌ಗೆ ವಾಪಸ್ ಹೋಗಿ ಅಲ್ಲಿ ತಂಡ ನಡೆಸುವವರು. ಅವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ.

ನಟನೆ ಬಿಟ್ಟು ಬೇರೆ ಕಲೆಯವರಿಗೆ ಜಾಗ ಇದೆಯಾ?

ಇದೆ. ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ 1989ರಲ್ಲಿ ಶುರು ಮಾಡಿದ ಮಾರ್ಕೆಟ್ ಫೋಟೊ ವರ್ಕ್‌ಶಾಪ್ ಈ ರಂಗಮಂದಿರವನ್ನು ನಡೆಸುವ ಪ್ರತಿಷ್ಠಾನದ ಭಾಗ. ಹಿಲ್‌ಬ್ರೋ ಬಡಾವಣೆಯ ವಿಂಡಿಬ್ರೋ ಕಲಾ ಕೇಂದ್ರವೂ ಈಗ ಇವರದೇ. ಅಲ್ಲಿ ಸುತ್ತಲಿನ ಮಕ್ಕಳಿಗೆ ಓದುವ ಕೋಣೆಗಳಿವೆ.

## ಸ್ವಲ್ಪ ಆಳಕ್ಕೆ

ಎಲ್ಲರೂ ಸೇರಿ ಕಟ್ಟಿದ ನಾಟಕಕ್ಕೆ ಹೆಸರು ಯಾರದು ಹಾಕೋದು? ದುಡ್ಡು ಬಂದ್ರೆ ಯಾರಿಗೆ?

ಕಷ್ಟದ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. 'ವೋಜಾ ಆಲ್ಬರ್ಟ್' ಮೇಲೆ ಮ್ಟ್ವಾ, ಎನ್ಗೇಮ, ಸೈಮನ್ ಮೂವರ ಹೆಸರಿದೆ. ಇದಕ್ಕೂ ಮೊದಲು, 1972ರಲ್ಲಿ ಕೇಪ್‌ಟೌನ್‌ನಲ್ಲಿ ಆಡಿದ 'ಸಿಜ್ವೆ ಬಾನ್ಸಿ ಈಸ್ ಡೆಡ್' ಮೇಲೆ ಬಿಳಿಯ ನಾಟಕಕಾರ ಆಥೊಲ್ ಫ್ಯೂಗಾರ್ಡ್ ಜೊತೆ ನಟರಾದ ಜಾನ್ ಕಾನಿ, ವಿನ್‌ಸ್ಟನ್ ಎನ್ಟ್ಶೋನ ಹೆಸರೂ ಇತ್ತು. ಆ ನಾಟಕಕ್ಕೂ ಇದೇ ಮೂವರ 'ದಿ ಐಲಂಡ್'ಗೂ ಸೇರಿಸಿ ಇಬ್ಬರು ನಟರಿಗೂ 1975ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು.

ಆದರೂ ಬಿಳಿಯ ನಿರ್ದೇಶಕ, ಕಪ್ಪು ನಟರು ಅನ್ನುವ ಜೋಡಿಯಲ್ಲಿ ಪತ್ರಿಕೆಗಳು ಮೊದಲು ಯಾರ ಹೆಸರು ಬರೆಯುತ್ತಿದ್ದವು ಅಂತ ನೋಡಿದರೆ ತಕ್ಕಡಿ ಎತ್ತ ವಾಲಿತ್ತು ಅಂತ ಗೊತ್ತಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತಾಲೀಮಿನ ಮೊದಲ ದಿನವೇ ಒಂದು ಹಾಳೆಯಲ್ಲಿ ಎಲ್ಲರ ಹೆಸರು, ಪಾಲು ಬರೆದಿಡಬೇಕು. ಹೊಸ ಕಲಾವಿದನನ್ನು ಬೆಳೆಸುವುದು ಅಂದರೆ ಅವನ ಹೆಸರನ್ನು ಉಳಿಸುವುದೂ ಹೌದು.

'ಸರಾಫಿನಾ' ಅಮೆರಿಕಕ್ಕೆ ಹೋಯ್ತು. ಹೊರಗಿನವರಿಗಾಗಿ ಆಡಿದ್ರೆ ಕಥೆ ಕೆಡಲ್ವಾ?

'ಸರಾಫಿನಾ' ಎನ್ಗೇಮ ಅವರ ಸಂಗೀತ ನಾಟಕ. ಸೊವೆಟೊದ ಶಾಲಾ ಮಕ್ಕಳ ಕಥೆ. ಹೊಸ ಹುಡುಗ ಹುಡುಗಿಯರನ್ನೇ ಆರಿಸಿ, ತರಬೇತಿ ಕೊಟ್ಟು ಕಟ್ಟಿದ್ದು. 1987ರಲ್ಲಿ ಮಾರ್ಕೆಟ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಅದೇ ವರ್ಷ ನ್ಯೂಯಾರ್ಕ್‌ಗೆ ಹೋಯಿತು, 1988ರಲ್ಲಿ ಬ್ರಾಡ್‌ವೇಗೆ. ಅಲ್ಲಿ 597 ಪ್ರದರ್ಶನ ಕಂಡಿತು. ಮುಖ್ಯ ಪಾತ್ರದ ಲೆಲೇಟಿ ಖುಮಾಲೊ ಆಗಿನ್ನೂ ಹದಿಹರೆಯದ ಹುಡುಗಿ.

ಕೆಡುವ ಅಪಾಯ ಇದ್ದೇ ಇದೆ. ಹೊರಗಿನವರಿಗೆ ಅರ್ಥವಾಗಲಿ ಅಂತ ಬಿಡಿಸಿ ಬಿಡಿಸಿ ಹೇಳುವ ಚಟ ಹತ್ತುತ್ತದೆ. ಆದರೆ ಇಲ್ಲೊಂದು ಕ್ರಮ ಇತ್ತು: ನಾಟಕ ಮೊದಲು ಮನೆಯಲ್ಲಿ ಗೆಲ್ಲಬೇಕು. ಆ ಶಾಲೆಯಲ್ಲಿ ಓದಿದವರು, ಆ ಹಾಡು ಗೊತ್ತಿದ್ದವರು ಮುಂದಿನ ಸಾಲಿನಲ್ಲಿ ಕೂತು ಒಪ್ಪಬೇಕು. ಅವರು ಒಪ್ಪಿದ ಮೇಲೆ ನ್ಯೂಯಾರ್ಕ್.

ವರ್ಣಭೇದ ಮುಗಿದ ಮೇಲೆ ಇವರಿಗೆ ಹೇಳೋಕೆ ಏನು ಉಳಿಯಿತು?

1994ರಲ್ಲಿ ಮೊದಲ ಮುಕ್ತ ಚುನಾವಣೆ ಆಯಿತು. 1995ರಲ್ಲಿ ಬಾರ್ನಿ ಸೈಮನ್ ತೀರಿಕೊಂಡರು. ಎದುರಾಳಿ ಇಲ್ಲ, ಗುರುವೂ ಇಲ್ಲ. ಹೋರಾಟದ ನಾಟಕ ಕಟ್ಟಿದವರಿಗೆ ಅದು ನಿಜಕ್ಕೂ ಕಷ್ಟದ ಕಾಲ.

ಉತ್ತರ ಮನೆಯೊಳಗಿನ ಕಥೆಗಳಲ್ಲಿ ಸಿಕ್ಕಿತು. ಜಾನ್ ಕಾನಿ 2002ರಲ್ಲಿ 'ನಥಿಂಗ್ ಬಟ್ ದಿ ಟ್ರುತ್' ಬರೆದರು. ಒಬ್ಬರೇ ಕೂತು ಬರೆದ ಮೊದಲ ನಾಟಕ, ಆಗ ಅವರಿಗೆ ಅರವತ್ತರ ಹತ್ತಿರ. ಗ್ರಂಥಾಲಯದಲ್ಲಿ ದುಡಿದು ಹಣ್ಣಾದ ಸಿಫೊ ಅನ್ನುವವನು ಲಂಡನ್‌ನಲ್ಲಿ ಸತ್ತ ತಮ್ಮನ ದೇಹಕ್ಕಾಗಿ ಕಾಯುತ್ತಿದ್ದಾನೆ. ತಮ್ಮನ ಮಗಳು ಬರುತ್ತಾಳೆ. ಅವಳ ಕೈಯಲ್ಲಿರುವುದು ದೇಹ ಅಲ್ಲ, ಒಂದು ಸಣ್ಣ ಪಾತ್ರೆಯಲ್ಲಿ ಬೂದಿ. ಇದನ್ನು ಹೂಳುವುದು ಹೇಗೆ, ಬಂಧುಗಳಿಗೆ ಏನು ಹೇಳುವುದು? ಅಲ್ಲಿಂದ ಅಣ್ಣ ತಮ್ಮಂದಿರ ಹಳೆಯ ಲೆಕ್ಕವೆಲ್ಲ ಹೊರಬರುತ್ತದೆ. ದೇಶವೆಲ್ಲ ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಕ್ಷಮೆಯ ಮಾತಾಡುವಾಗ ಒಂದು ಮನೆಯಲ್ಲಿ ಅಣ್ಣನಿಗೆ ತಮ್ಮನನ್ನು ಕ್ಷಮಿಸಲಾಗುತ್ತಿಲ್ಲ. ಕಾನಿಯವರ ಸ್ವಂತ ತಮ್ಮ 1985ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು. ಆ ನೋವು ನಾಟಕದೊಳಗೆ ಇದೆ.

ಈಗಿನ ಹುಡುಗರು ಇನ್ನೂ ಬೇರೆ ದಾರಿ ಹಿಡಿದಿದ್ದಾರೆ. 1993ರಲ್ಲಿ ಕೊಲೆಯಾದ ವರ್ಣಭೇದ ವಿರೋಧಿ ನಾಯಕ ಕ್ರಿಸ್ ಹನಿ ಬಗ್ಗೆ ಲ್ಯಾಬ್ ವಿದ್ಯಾರ್ಥಿಗಳು ಹಿಪ್‌ಹಾಪ್ ಹಾಡುಗಳಲ್ಲಿ ನಾಟಕ ಕಟ್ಟಿದರು. ಅವರಲ್ಲಿ ಹೆಚ್ಚಿನವರು ಹನಿ ಸತ್ತಾಗ ಎಳೆ ಕೂಸುಗಳು, ಇಲ್ಲವೇ ಹುಟ್ಟಿಯೇ ಇರಲಿಲ್ಲ.

ಈಗ ಸರ್ಕಾರದ ದುಡ್ಡು ತಗೋತಾರಂತೆ. ಬಾಯಿ ಕಟ್ಟಿದ ಹಾಗಾಗಲ್ವಾ?

ಹೌದು, ಈಗ ಮಾರ್ಕೆಟ್ ಥಿಯೇಟರ್ ಪ್ರತಿಷ್ಠಾನ ರಾಷ್ಟ್ರೀಯ ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಒಂದು. ಕ್ರೀಡೆ, ಕಲೆ ಮತ್ತು ಸಂಸ್ಕೃತಿ ಇಲಾಖೆಯ ಅನುದಾನ ಬರುತ್ತದೆ. ಜನರೇ ಆರಿಸಿದ ಸರ್ಕಾರ ಜನರ ತೆರಿಗೆ ದುಡ್ಡನ್ನು ನಾಟಕಕ್ಕೆ ಕೊಡುವುದು ಸರಿಯಾದ ಮಾತೇ. ತರಬೇತಿ, ಟೌನ್‌ಶಿಪ್ ಕೆಲಸ ಇವು ಟಿಕೆಟ್ ಹಣದಿಂದ ನಡೆಯುವುದಿಲ್ಲ. ಆದರೆ ಅನುದಾನ ತಡವಾದರೆ ಮೊದಲು ಕತ್ತರಿ ಬೀಳುವುದು ಹೊಸಬರ ಕೆಲಸಕ್ಕೇ, ಇದು ಎಲ್ಲ ದೇಶದ ರಂಗಭೂಮಿಯ ಕಥೆ. ಬಾಯಿ ಕಟ್ಟುತ್ತದೆಯೇ ಅನ್ನುವುದಕ್ಕೆ ನಾನು ನೋಡುವ ಗುರುತು ಒಂದೇ: ಇವತ್ತಿನ ಭ್ರಷ್ಟಾಚಾರ, ಇವತ್ತಿನ ಪೊಲೀಸರ ಬಗ್ಗೆ ಅಲ್ಲಿನ ಯುವಕರು ನಾಟಕ ಮಾಡುತ್ತಿದ್ದಾರೆಯೇ? ಮಾಡುವವರೆಗೆ ಸರಿ.

ನಮ್ಮ ತಂಡದ ಮಕ್ಕಳ ಜೊತೆ ಇದನ್ನ ಮಾಡಬೇಕು ಅಂದ್ರೆ ಎಲ್ಲಿಂದ ಶುರು ಮಾಡಲಿ?

ನಟರನ್ನು ಹೊರಗೆ ಕಳಿಸುವುದರಿಂದ. ಒಂದು ಗಂಟೆ ಬಸ್ ಸ್ಟ್ಯಾಂಡಲ್ಲೋ ಸಂತೆಯಲ್ಲೋ ಕೂತು ಬರಬೇಕು. ಮೊಬೈಲ್ ಬೇಡ, ನೋಟ್‌ಬುಕ್ ಬೇಡ. ಒಬ್ಬರನ್ನೇ ನೋಡಬೇಕು, ಆದರೆ ಮಾತಾಡಿಸಬೇಕು. ಮರೆಯಲ್ಲಿ ನಿಂತು ನಕಲು ಮಾಡಿದರೆ ಅಣಕ ಆಗುತ್ತದೆ. ವಾಪಸ್ ಬಂದವರು ಒಂದು ಸ್ಟೂಲಿನ ಮೇಲೆ ಆ ವ್ಯಕ್ತಿಯಾಗಿ ಕೂರಲಿ, ಉಳಿದವರು ಕೇಳಲಿ. ಮೊದಲ ವಾರ ಏನನ್ನೂ ಬರೆಯಬೇಡಿ. ತಮಾಷೆ ಮಾಡಲು ಹೊರಟ ಹುಡುಗನನ್ನು ಬೈಯಬೇಡಿ, ಇನ್ನೊಂದು ಪ್ರಶ್ನೆ ಕೇಳಿ.

ನಾನು ಮೊದಲ ಸಲ ಇದನ್ನು ಮಾಡಿಸಿದಾಗ ಹದಿನೇಳರ ಒಬ್ಬಳು ಹುಡುಗಿ ಹೂ ಮಾರುವ ಹೆಂಗಸಾಗಿ ಬಂದು ಕೂತಳು. ಏನೂ ಮಾತಾಡಲಿಲ್ಲ. ಇಲ್ಲದ ಹೂವನ್ನು ಮೊಳ ಹಾಕುತ್ತಾ ಹೋದಳು. ಪ್ರತಿ ಮೊಳದ ಕೊನೆಗೆ ಹೆಬ್ಬೆರಳಷ್ಟು ಜಾಸ್ತಿ ಬಿಡುತ್ತಿದ್ದಳು. ಯಾರೋ ಹಿಂದಿನಿಂದ ಕೇಳಿದರು: "ಅಕ್ಕಾ, ಇವತ್ತು ಎಷ್ಟು ಉಳೀತು?" ಅವಳು ಕೈ ನೋಡಿಕೊಂಡು ಹೇಳಿದಳು: "ಎರಡು ಮೊಳ. ಮನೆ ದೇವರಿಗಾಯ್ತು ಬಿಡಿ." ಆ ವರ್ಷದ ನಮ್ಮ ನಾಟಕ ಆ ಎರಡು ಮೊಳದಿಂದ ಶುರುವಾಯಿತು.